ಒಬ್ಬನ ಮಾತ್ರೆ, ಆರು ಪಾಲು

2024ರ ಆರಂಭದ ಬೇಸಿಗೆಯಲ್ಲಿ ನಾನು ಪರ್ತ್ ನಗರದ ಮೋರ್ಲಿಯಲ್ಲಿ, ಶಾಪಿಂಗ್ ಸೆಂಟರಿನ ಹಿಂಬದಿಯ ಒಂದು ಕ್ಲಿನಿಕ್ಕಿನಲ್ಲಿ ಜನರಲ್ ಪ್ರಾಕ್ಟೀಷನರ್ ಆಗಿದ್ದೆ. ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಬ್ರಿಸ್ಬೇನಿನ ಆಸ್ಪತ್ರೆಯೊಂದರಲ್ಲಿ ಕೆಲವು ವರ್ಷ ದುಡಿದು, ಅಡಿಲೇಡಿನಲ್ಲಿ ಸಾರ್ವಜನಿಕ ಆರೋಗ್ಯವನ್ನು ಓದಿ, ಕೊನೆಗೆ ಸಂಸಾರದೊಂದಿಗೆ ಪರ್ತ್‌ನ ಸದರ್ನ್ ರಿವರ್ ಬಡಾವಣೆಯಲ್ಲಿ ನೆಲೆಸಿದವಳು ನಾನು. ಈ ಪ್ರಕರಣವನ್ನು ರೋಗಿಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಮಾತುಗಳನ್ನು ಬದಲಿಸಿಲ್ಲ.

ಮಧುಮೇಹ, ರಕ್ತದೊತ್ತಡ, ಹೃದ್ರೋಗ, ಮೂತ್ರಪಿಂಡದ ವೈಫಲ್ಯ ಮುಂತಾದವನ್ನು ವೈದ್ಯಕೀಯದಲ್ಲಿ ಅಸಾಂಕ್ರಾಮಿಕ ರೋಗಗಳು ಎನ್ನುತ್ತೇವೆ. ಒಬ್ಬರಿಂದ ಒಬ್ಬರಿಗೆ ಹರಡದೆ, ಹಿಡಿದವರನ್ನು ಜೀವಮಾನವಿಡೀ ಬಿಡದ ರೋಗಗಳು ಇವು. ಜಗತ್ತಿನಲ್ಲಿ ಇವುಗಳ ಭಾರವನ್ನು ಅತಿ ಹೆಚ್ಚು ಹೊತ್ತವುಗಳಲ್ಲಿ ಪೆಸಿಫಿಕ್ ಸಾಗರದ ಪುಟ್ಟ ದ್ವೀಪ ರಾಷ್ಟ್ರಗಳೂ ಸೇರಿವೆ. ಅಡಿಲೇಡಿನ ತರಗತಿಯಲ್ಲಿ ಇವನ್ನು ‘ಜೀವನಶೈಲಿಯ ರೋಗಗಳು’ ಎಂದು ಕಲಿಸಿದರು. ಆ ಪದವನ್ನು ನಾನು ಅಂದೂ ಒಪ್ಪಲಿಲ್ಲ, ಇಂದೂ ಒಪ್ಪುವುದಿಲ್ಲ. ಶೈಲಿ ಎನ್ನುವುದು ಆಯ್ಕೆ ಉಳ್ಳವರ ಮಾತು. ಒಂದು ದ್ವೀಪದ ಸುತ್ತಲಿನ ಮೀನನ್ನು ದೂರದೇಶದ ದೊಡ್ಡ ಹಡಗುಗಳು ಬಳಿದುಕೊಂಡು ಹೋಗಿ, ಶ್ರೀಮಂತ ನೆರೆಯ ದೇಶಗಳು ತಮ್ಮ ಮೇಜಿಗೆ ಒಲ್ಲದ ಕೊಬ್ಬಿನ ಮಾಂಸವನ್ನು ಅಗ್ಗಕ್ಕೆ ಅಲ್ಲಿಗೆ ರಫ್ತು ಮಾಡಿದ ಮೇಲೆ, ಅಲ್ಲಿನವನು ತಿಂದದ್ದನ್ನು ಅವನ ಶೈಲಿ ಎಂದು ಕರೆಯುವುದು ಅಪಮಾನ.

ಸೆಮಿಸಿ ಅಂಥ ದ್ವೀಪ ರಾಷ್ಟ್ರವಾದ ಟೋಂಗಾದವನು. ಋತುಮಾನದ ಕೂಲಿ ವೀಸಾದ ಮೇಲೆ ಬಂದು, ಸ್ವಾನ್ ವ್ಯಾಲಿಯ ದ್ರಾಕ್ಷಿ ತೋಟಗಳಲ್ಲಿ ಕೊಯ್ಲು ಮಾಡುತ್ತಿದ್ದ. ಈ ವೀಸಾದ ಷರತ್ತುಗಳನ್ನು ಓದುಗರು ತಿಳಿದಿರಬೇಕು. ಕೂಲಿಯವನು ತನ್ನನ್ನು ಕರೆಸಿಕೊಂಡ ಗುತ್ತಿಗೆ ಕಂಪನಿಗೆ ಕಟ್ಟುಬಿದ್ದಿರುತ್ತಾನೆ. ಸರ್ಕಾರಿ ಆರೋಗ್ಯ ವಿಮೆ ಅವನಿಗಿಲ್ಲ. ಖಾಸಗಿ ವಿಮೆಯನ್ನು ಅವನೇ ಕೊಳ್ಳಬೇಕು, ಮತ್ತು ಆ ವಿಮೆ ‘ಮೊದಲೇ ಇದ್ದ ಕಾಯಿಲೆ’ ಎಂಬ ಒಂದು ಮಾತಿನಿಂದ ಯಾವಾಗ ಬೇಕಾದರೂ ಕೈ ತೊಳೆದುಕೊಳ್ಳಬಹುದು. ಈ ಏರ್ಪಾಟಿನಲ್ಲಿ ಕಾಯಿಲೆಯನ್ನು ಬಚ್ಚಿಡುವುದು ಮೋಸವಲ್ಲ, ಬದುಕುವ ದಾರಿ.

ಹಿಂದಿನ ವರ್ಷದ ಅಕ್ಟೋಬರಿನಲ್ಲಿ ಅವನು ಭುಜದ ನೋವೆಂದು ಬಂದಾಗ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಮಧುಮೇಹ ಕಾಣಿಸಿತು. ಜೊತೆಗೆ ಬಂದಿದ್ದ ಕಂಪನಿಯ ಮೇಲ್ವಿಚಾರಕ ಬ್ರೆಟ್ ನನ್ನ ಕೋಣೆಯೊಳಗೇ ಕುರ್ಚಿ ಎಳೆದುಕೊಂಡು ಕೂತಿದ್ದ.

“ನೀವು ಹೊರಗಿರಿ,” ಎಂದೆ.

“ಇವನನ್ನು ಕರೆತಂದವನೇ ನಾನು, ಡಾಕ್.”

“ಟ್ಯಾಕ್ಸಿಯವನೂ ಕರೆತರುತ್ತಾನೆ. ಅವನು ಒಳಗೆ ಬರುವುದಿಲ್ಲ.”

ಬ್ರೆಟ್ ನಕ್ಕು ಎದ್ದುಹೋದ. ಬಾಗಿಲು ಮುಚ್ಚಿದ ಮೇಲೆ ಸೆಮಿಸಿ ಕೇಳಿದ ಮೊದಲ ಪ್ರಶ್ನೆ ಕಾಯಿಲೆಯ ಬಗ್ಗೆ ಆಗಿರಲಿಲ್ಲ. “ಇದನ್ನು ಅವನಿಗೆ ಹೇಳುತ್ತೀರಾ?” ಎಂದ. ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ ಎಂದೆ. ಮೆಟ್‌ಫಾರ್ಮಿನ್ ಮಾತ್ರೆ ಬರೆದುಕೊಟ್ಟೆ.

ಎಚ್‌ಬಿಎ1ಸಿ ಎಂಬ ಪರೀಕ್ಷೆ ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುತ್ತದೆ. ಏಳರ ಆಸುಪಾಸಿನಲ್ಲಿರಬೇಕಾದದ್ದು ಅವನಲ್ಲಿ ಹನ್ನೊಂದನ್ನು ದಾಟಿತ್ತು. ಮಾತ್ರೆಯ ಪ್ರಮಾಣ ಏರಿಸಿದೆ, ಎರಡನೆಯ ಮಾತ್ರೆ ಸೇರಿಸಿದೆ. ಜನವರಿಯಲ್ಲಿ ಮತ್ತೆ ನೋಡಿದರೆ ಅದೇ ಹನ್ನೊಂದು. ಔಷಧ ಅಂಗಡಿಯಲ್ಲಿ ವಿಚಾರಿಸಿದೆ. ಒಂದು ತಿಂಗಳೂ ತಪ್ಪದೆ ಒಯ್ದಿದ್ದ. ಇಂಥ ಕಡೆ ವೈದ್ಯರು ‘ರೋಗಿ ಚಿಕಿತ್ಸೆಗೆ ಸಹಕರಿಸುತ್ತಿಲ್ಲ’ ಎಂದು ಬರೆದು ಮುಂದಿನ ರೋಗಿಯನ್ನು ಕರೆಯುತ್ತಾರೆ. ನನಗೆ ಬರೆಯಲು ಮನಸ್ಸಾಗಲಿಲ್ಲ. ಪ್ರತಿ ಸಲವೂ ಸಮಯಕ್ಕೆ ಮೊದಲೇ ಬಂದು ಕೂರುವ, ಕೇಳಿದ್ದಕ್ಕೆಲ್ಲ ನೇರವಾಗಿ ಉತ್ತರಿಸುವ ಮನುಷ್ಯ ಅವನು. “ಮಾತ್ರೆ ತಿನ್ನುತ್ತಿದ್ದೀಯಾ?” ಎಂದರೆ “ದಿನವೂ ತಿನ್ನುತ್ತೇನೆ” ಎನ್ನುತ್ತಿದ್ದ. ಅದು ಸುಳ್ಳಿನ ದನಿಯಾಗಿರಲಿಲ್ಲ.

“ಸೆಮಿಸಿ ಮನೇಲಿ ಏನು ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ ಅಂತ ಕಣ್ಣಾರೆ ನೋಡ್ಬೇಕು,” ಎಂದು ನಮ್ಮ ನರ್ಸ್ ಫಿಲೋಮಿನಾಗೆ ಹೇಳಿದೆ. ಅವಳು ಮಂಗಳೂರಿನವಳು, ನನಗಿಂತ ಹೆಚ್ಚು ಕಾಲದಿಂದ ಈ ದೇಶದಲ್ಲಿದ್ದವಳು.

“ಅದಕ್ಕೆಂಥ ಕಷ್ಟ ಡಾಕ್ಟ್ರೇ? ಆದಿತ್ಯವಾರ ಊಟಕ್ಕೆ ಬನ್ನಿ ಅಂತ ಆ ಜನ ಮೂರು ಸಲ ಕರೆದಾಯ್ತು. ನೀವು ಹೋಗ್ಲಿಲ್ಲ, ಅಷ್ಟೇ.”

ಭಾನುವಾರ ಇಬ್ಬರೂ ಹೋದೆವು. ತೋಟಗಳ ಅಂಚಿನಲ್ಲಿ ಕಂಪನಿ ಬಾಡಿಗೆಗೆ ಕೊಟ್ಟ ತಗಡಿನ ಮಾಡಿನ ಮನೆ. ಆರು ಜನ, ಎಲ್ಲರೂ ಒಂದೇ ಊರಿನ ಬಂಧುಗಳು. ಹಿರಿಯ ವಿಲಿಯಾಮಿ ವರಸೆಯಲ್ಲಿ ಸೆಮಿಸಿಯ ಸೋದರಮಾವ. ಉಳಿದವರೆಲ್ಲ ಅವನನ್ನು ಅಂಕಲ್ ಎನ್ನುತ್ತಿದ್ದರು. ಚರ್ಚಿನಿಂದ ಬಂದು ಬಿಳಿ ಅಂಗಿಯಲ್ಲೇ ಹಿತ್ತಲ ಕೆಂಡದಿಂದ ಅಡುಗೆ ತೆಗೆಯುತ್ತಿದ್ದರು. ಕೆಸುವಿನ ಎಲೆಯಲ್ಲಿ ಕುರಿಯ ಕೊಬ್ಬುಮಾಂಸವನ್ನೂ ತೆಂಗಿನ ಹಾಲನ್ನೂ ಸುತ್ತಿ ಬೇಯಿಸಿದ ಭಕ್ಷ್ಯ.

“ಇದು ನಮ್ಮ ಪತ್ರೊಡೆಯ ದೊಡ್ಡಣ್ಣ ಮಾರಾಯ್ರೆ!” ಎಂದು ಫಿಲೋಮಿನಾ ಎರಡನೆಯ ಸಲ ಬಡಿಸಿಕೊಂಡಳು. ನಾನು ಸಸ್ಯಾಹಾರಿ ಎಂದು ತಿಳಿದು ವಿಲಿಯಾಮಿ ನನಗಾಗಿ ಬೇರೆಯೇ ಗೆಣಸು ಸುಟ್ಟಿದ್ದ. “ಮಾಂಸ ತಿನ್ನದೆ ಇಷ್ಟು ಜೋರಾಗಿ ಮಾತಾಡ್ತೀರಲ್ಲ ಡಾಕ್ಟರ್, ತಿಂದಿದ್ದರೆ ಬ್ರೆಟ್ ಗತಿ ಏನು?” ಎಂದ. ಮನೆಯೆಲ್ಲ ನಕ್ಕಿತು.

ಊಟದ ಕೊನೆಗೆ ವಿಲಿಯಾಮಿ ಮೇಜಿನ ಮೇಲೆ ಆರು ಬಸಿಗಳನ್ನು ಸಾಲಾಗಿ ಇಟ್ಟ. ಜೇಬಿನಿಂದ ದ್ರಾಕ್ಷಿ ಗೊಂಚಲು ಕತ್ತರಿಸುವ ಕತ್ತರಿಯನ್ನು ತೆಗೆದು, ಚೊಕ್ಕಟವಾಗಿ ತೊಳೆದು, ಒರೆಸಿದ. ಸೆಮಿಸಿ ತನ್ನ ಮಾತ್ರೆಗಳ ಹಾಳೆಯನ್ನು ಮಾವನಿಗೆ ಕೊಟ್ಟ. ನಾನು ಬರೆದುಕೊಟ್ಟ ಮೆಟ್‌ಫಾರ್ಮಿನ್ ಅವು. ವಿಲಿಯಾಮಿ ಒಂದೊಂದನ್ನೂ ಬೆರಳುಗಳ ನಡುವೆ ಹಿಡಿದು, ಅಕ್ಕಸಾಲಿಯ ನಿಗಾದಿಂದ ತುಂಡರಿಸಿ, ಪ್ರತಿ ಬಸಿಗೂ ಒಂದೊಂದು ತುಂಡು ಹಾಕಿದ. ಪ್ರಾರ್ಥನೆ ಹೇಳಿ ಆರೂ ಜನ ನುಂಗಿದರು. ಇದರಲ್ಲಿ ಮರೆಮಾಚುವಂಥದ್ದು ಏನಾದರೂ ಇದೆಯೆಂದು ಅವರಿಗೆ ಅನ್ನಿಸಿಯೇ ಇರಲಿಲ್ಲ. ವೈದ್ಯೆಯ ಎದುರಿಗೇ ಹಂಚಿಕೊಂಡರು.

“ನಿಮಗೂ ಇದೆಯೇ?” ಎಂದೆ, ಒಬ್ಬೊಬ್ಬರನ್ನೂ ನೋಡುತ್ತ.

“ಸುಕ,” ಎಂದ ವಿಲಿಯಾಮಿ. ಅವರ ಭಾಷೆಯಲ್ಲಿ ಸಕ್ಕರೆ. ನಮ್ಮಲ್ಲಿ ಸಕ್ಕರೆ ಕಾಯಿಲೆ ಎನ್ನುವಂತೆಯೇ ಅವರೂ ಅನ್ನುತ್ತಾರೆ. “ಊರಲ್ಲಿ ಎಲ್ಲರ ಮನೆಯಲ್ಲೂ ಇದೆ. ನನ್ನ ಅಣ್ಣನಿಗೆ ಕಾಲು ಹೋಯಿತು. ಹೊರಡುವ ಮೊದಲು ಪರೀಕ್ಷೆ ಮಾಡುತ್ತಾರಲ್ಲ, ಅದಕ್ಕೆ ಮುಂಚೆ ನಾವು ಅರೆಹೊಟ್ಟೆ ಉಂಡು ಸಕ್ಕರೆ ಇಳಿಸಿಕೊಂಡು ಹೋಗುತ್ತೇವೆ. ಇಲ್ಲಿ ಸಿಕ್ಕಿಬಿದ್ದವನು ಸೆಮಿಸಿ ಒಬ್ಬನೇ. ಹಾಗಾಗಿ ಮಾತ್ರೆ ಅವನಿಗೆ ಮಾತ್ರ ಸಿಗುತ್ತದೆ.”

“ಹೀಗೆ ಹಂಚಿದರೆ ಯಾರಿಗೂ ಸಾಲುವುದಿಲ್ಲ.”

“ಒಬ್ಬನೇ ತಿಂದರೆ?” ಎಂದು ಅವನು ನನ್ನನ್ನೇ ಕೇಳಿದ. “ಐದು ಜನ ನೋಡುತ್ತಿರುವಾಗ ಒಬ್ಬನೇ ತಿನ್ನುವವನನ್ನು ನಿಮ್ಮ ಊರಲ್ಲಿ ಏನೆನ್ನುತ್ತಾರೆ?”

ಪಂಕ್ತಿಭೇದ ಎಂಬ ನಮ್ಮ ಮಾತು ನೆನಪಾಯಿತು. ಊಟದ ಸಾಲಿನಲ್ಲಿ ಒಬ್ಬರಿಗೆ ಬಡಿಸಿ ಇನ್ನೊಬ್ಬರಿಗೆ ಇಲ್ಲವೆನ್ನುವುದು ನಮ್ಮಲ್ಲೂ ಪಾಪವೇ. ಆದರೆ ಔಷಧ ಅನ್ನವಲ್ಲ. ಅನ್ನವನ್ನು ಹಂಚಿದರೆ ಎಲ್ಲರೂ ಅರ್ಧ ಹೊಟ್ಟೆಯಲ್ಲಾದರೂ ಬದುಕುತ್ತಾರೆ. ಮಾತ್ರೆಯನ್ನು ಆರು ಪಾಲು ಮಾಡಿದರೆ ಆರು ಜನರಿಗೂ ಚಿಕಿತ್ಸೆ ಇಲ್ಲ. ಇದನ್ನು ಅವರಿಗೆ ಬಿಡಿಸಿ ಹೇಳಿದೆ. ನನ್ನ ಕ್ಲಿನಿಕ್ಕಿಗೆ ಬನ್ನಿ, ಐವರನ್ನೂ ಶುಲ್ಕವಿಲ್ಲದೆ ನೋಡುತ್ತೇನೆ, ಕಂಪನಿಗೆ ಒಂದು ಮಾತೂ ಹೋಗದು ಎಂದು ಭರವಸೆ ಕೊಟ್ಟೆ. ಸೆಮಿಸಿ ತನ್ನ ಮಾತ್ರೆಯನ್ನು ಪೂರ್ತಿ ತಿನ್ನಲು ಒಪ್ಪಿದ. ಉಳಿದವರು ನೆಲ ನೋಡಿದರು. ಹೆಸರು ಬರೆಸಿದರೆ ವಾಪಸ್ ಕಳಿಸುತ್ತಾರೆಂಬ ಭಯವನ್ನು ನನ್ನ ಒಂದು ಭಾನುವಾರದ ಭರವಸೆ ಅಳಿಸಲಾರದಾಗಿತ್ತು.

ಫೆಬ್ರವರಿಯಲ್ಲಿ, ಕೊಯ್ಲಿನ ಭರದಲ್ಲಿ, ಬ್ರೆಟ್ ಸೆಮಿಸಿಯನ್ನು ಮತ್ತೆ ಕರೆತಂದ. ಬಳ್ಳಿ ಹಬ್ಬಿಸುವ ತಂತಿಯ ತುಂಡೊಂದು ಬೂಟಿನ ಅಟ್ಟೆ ತೂರಿ ಅವನ ಬಲಗಾಲಿಗೆ ಚುಚ್ಚಿಕೊಂಡಿತ್ತು. ಹಳೆಯ ಮಧುಮೇಹದಲ್ಲಿ ಪಾದದ ನರಗಳು ಸತ್ತು ನೋವೇ ತಿಳಿಯುವುದಿಲ್ಲ. ಅದೇ ಬೂಟಿನಲ್ಲಿ ಅವನು ದಿನಗಟ್ಟಲೆ ಸಾಲು ಸಾಲು ದ್ರಾಕ್ಷಿ ಕೊಯ್ದಿದ್ದ. ಕಾಲುಚೀಲ ಒದ್ದೆಯಾದ ಮೇಲಷ್ಟೇ ಬಿಚ್ಚಿ ನೋಡಿದ್ದು. ಎರಡು ಬೆರಳು ಕಪ್ಪಗಾಗಿದ್ದವು. ಪಾದದ ನಾಡಿ ನನ್ನ ಬೆರಳಿಗೆ ಸಿಗಲಿಲ್ಲ.

ದೊಡ್ಡ ಆಸ್ಪತ್ರೆಯ ರಕ್ತನಾಳದ ಸರ್ಜನ್‌ಗೆ ಅಲ್ಲಿಂದಲೇ ಫೋನ್ ಮಾಡಿದೆ. ಈಗಲೇ ಕಳಿಸಿದರೆ ಮುಚ್ಚಿಕೊಂಡ ರಕ್ತನಾಳವನ್ನು ಆಂಜಿಯೋಪ್ಲಾಸ್ಟಿಯಿಂದ ತೆರೆಯಬಹುದು, ಪಾದ ಉಳಿಯಬಹುದು; ತಡವಾದರೆ ಮೊಣಕಾಲಿನ ಕೆಳಗೆ ಕತ್ತರಿಸಬೇಕಾದೀತು ಎಂದರು. ಸೆಮಿಸಿಯ ಊರಿನ ಆಸ್ಪತ್ರೆಯಲ್ಲಿ ಕತ್ತರಿಸುವವರಿದ್ದರು, ರಕ್ತನಾಳ ತೆರೆಯುವವರಿರಲಿಲ್ಲ.

ಬ್ರೆಟ್ ಒಂದು ಹಾಳೆ ಮುಂದಿಟ್ಟ. ‘ವಿಮಾನ ಪ್ರಯಾಣಕ್ಕೆ ಯೋಗ್ಯ’ ಎಂಬ ವೈದ್ಯಕೀಯ ಪ್ರಮಾಣಪತ್ರ. “ನಾಳೆಯ ಫ್ಲೈಟಿಗೆ ಸೀಟಿದೆ ಡಾಕ್. ಆಂಟಿಬಯಾಟಿಕ್ ಕೊಟ್ಟು ಇವತ್ತು ಮಧ್ಯಾಹ್ನದೊಳಗೆ ಸಹಿ ಹಾಕಿಬಿಡಿ. ಮನೆಯವರ ಜೊತೆ ಇದ್ದು ಚೇತರಿಸಿಕೊಳ್ಳಲಿ.”

“ಪಾದ ಕಳೆದುಕೊಳ್ಳಲಿ ಎನ್ನಿ. ಅದು ಸರಿಯಾದ ಮಾತು.”

ಅವನು ಹೊರಗೆ ಹೋಗಿ ವಿಮಾ ಕಂಪನಿಗೆ ಫೋನ್ ಮಾಡಿದ. ಸ್ವಲ್ಪ ಹೊತ್ತಿಗೆ ಬ್ರಿಸ್ಬೇನಿನಿಂದ ನನಗೇ ಕರೆ ಬಂತು. ವಿಮಾ ಕಂಪನಿಯ ವೈದ್ಯಕೀಯ ಸಲಹೆಗಾರರು. ಅವರ ಹೆಸರು ಕೇಳಿ ನಾನು, ನನ್ನ ಹೆಸರು ಕೇಳಿ ಅವರು, ಒಟ್ಟಿಗೇ ಕನ್ನಡಕ್ಕೆ ಬಂದೆವು. ಅವರನ್ನು ಡಾಕ್ಟರ್ ನಾಗೇಶ್ ಎಂದು ಕರೆಯುತ್ತೇನೆ.

“ನಮಸ್ಕಾರ ಮೇಡಂ. ಮೈಸೂರಿನವರಾ? ಒಳ್ಳೇದಾಯ್ತು, ಬಿಡಿಸಿ ಮಾತಾಡ್ಬಹುದು. ನೋಡಿ, ಮಾತ್ರೆಯ ಕ್ಲೇಮ್ ಜೊತೆ ಬಂದ ರಿಪೋರ್ಟ್ ನನ್ನ ಮುಂದಿದೆ. ಮೂರು ತಿಂಗಳು ಮಾತ್ರೆ ಬರೆದಿದೀರಾ, ಶುಗರ್ ಒಂದ್ಚೂರೂ ಇಳಿದಿಲ್ಲ. ಅಂದ್ರೆ ಮನುಷ್ಯ ತಗೊಂಡೇ ಇಲ್ಲ. ಚಿಕಿತ್ಸೆ ನಿರ್ಲಕ್ಷ್ಯ ಮಾಡಿದ್ರೆ ಪಾಲಿಸಿ ಕವರ್ ಮಾಡಲ್ಲ. ನಾನೇನ್ಮಾಡ್ಲಿ ಹೇಳಿ?”

“ಅವನು ನಿರ್ಲಕ್ಷ್ಯ ಮಾಡಿಲ್ಲ ಡಾಕ್ಟರೇ.”

“ಹಾಗಾದ್ರೆ ಮಾತ್ರೆ ಎಲ್ಲಿ ಹೋಯ್ತು ಮೇಡಂ?”

ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು. ಹೇಳಿದರೆ ಸೆಮಿಸಿಯ ಮೇಲಿನ ಆರೋಪ ಬಿದ್ದುಹೋಗುತ್ತಿತ್ತು, ಜೊತೆಗೆ ಐದು ಜನರ ಕೆಲಸವೂ ಹೋಗುತ್ತಿತ್ತು. ಆ ಐವರ ಗುಟ್ಟು ನನ್ನದಲ್ಲ.

“ಅದನ್ನ ನಾನು ಹೇಳೋ ಹಾಗಿಲ್ಲ.”

“ಬಿಡಿ ಮೇಡಂ,” ಎಂದರು ನಾಗೇಶ್, ದನಿ ತಗ್ಗಿಸಿ. “ನಾವು ಹೊರಗಿನಿಂದ ಬಂದವ್ರು. ಒಂದು ಸಹಿ ತಾನೇ? ಇವರ ವ್ಯವಸ್ಥೆ ನಾವು ಸರಿಮಾಡಕ್ಕಾಗುತ್ತಾ? ಸುಮ್ನೆ ಮೆಡಿಕಲ್ ಬೋರ್ಡ್‌ಗೆ ಕಂಪ್ಲೇಂಟ್ ಗಿಂಪ್ಲೇಂಟ್ ಹೋದ್ರೆ ನಿಮಗೇ ತೊಂದ್ರೆ.”

“ಹೊರಗಿನಿಂದ ಬಂದೋರು ಅಂತಲೇ ಹಾಕಲ್ಲ. ಅವನೂ ಹೊರಗಿನಿಂದ ಬಂದೋನೇ. ನಿಮಗೂ ನನಗೂ ಇಲ್ಲೇ ಕಾಯಂ ಇರೋಕೆ ಪಿ.ಆರ್. ಕೊಟ್ರು, ಅವನಿಗೆ ಬೂಟು ಕೊಟ್ರು. ವ್ಯತ್ಯಾಸ ಅಷ್ಟೇ. ಕೊಳೆತ ಪಾದದ ಮನುಷ್ಯನ್ನ ವಿಮಾನ ಹತ್ತಿಸಿ ಅಂತ ನೀವೇ ನಿಮ್ಮ ಹೆಸರು ಹಾಕಿ ಬರೆದು ಕಳಿಸಿ. ಬೋರ್ಡಿಗೆ ನಾನೇ ಕೊಡ್ತೀನಿ.”

ಅವರು ಬರೆಯಲಿಲ್ಲ. ಫೋನ್ ಇಟ್ಟರು.

ನನ್ನ ನಿಜವಾದ ಸೋಲು ಆಮೇಲೆ ಎದುರಾಯಿತು. ಆಂಬುಲೆನ್ಸ್ ಕರೆಸುತ್ತೇನೆಂದಾಗ ಸೆಮಿಸಿ ಬೇಡವೆಂದ. “ಸಹಿ ಹಾಕಿಬಿಡಿ ಡಾಕ್ಟರ್. ನಾನು ಹೋದರೆ ವಿಷಯ ನನ್ನಲ್ಲೇ ಮುಗಿಯುತ್ತದೆ. ಆಸ್ಪತ್ರೆಗೆ ಹೋದರೆ ಮಾತ್ರೆ ಎಲ್ಲಿ ಹೋಯಿತು ಎಂದು ಎಲ್ಲರೂ ಕೇಳುತ್ತಾರೆ. ಅಂಕಲ್‌ನನ್ನೂ ಕಳಿಸುತ್ತಾರೆ.”

“ನಿನ್ನ ಕಾಲು, ಸೆಮಿಸಿ.”

“ಇನ್ನೊಂದಿದೆಯಲ್ಲ,” ಎಂದು ನಗಲು ಯತ್ನಿಸಿದ.

ವಿವೇಚನೆ ಇರುವ ರೋಗಿಯನ್ನು ಅವನ ಇಚ್ಛೆಗೆ ವಿರುದ್ಧವಾಗಿ ಆಸ್ಪತ್ರೆಗೆ ಸೇರಿಸುವ ಹಕ್ಕು ವೈದ್ಯರಿಗಿಲ್ಲ. ಸಹಿ ಹಾಕದಿರುವ ಹಕ್ಕು ಮಾತ್ರ ಇದೆ. ನಾನು ಹಾಕಲಿಲ್ಲ. ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟು, ಗಾಯ ಕಟ್ಟಿ, ಯೋಚಿಸು ಎಂದು ಕಳಿಸಿದೆ. ಬೇರೆ ವೈದ್ಯರು ಸಿಗುತ್ತಾರೆಂದು ಬ್ರೆಟ್ ಹೇಳಿಹೋದ. ಅದು ನಿಜವೂ ಆಗಿತ್ತು.

ಮರುದಿನ ಬೆಳಿಗ್ಗೆ ಕ್ಲಿನಿಕ್ಕಿನ ಬಾಗಿಲು ತೆರೆಯುವಾಗ ಹೊರಗಿನ ಬೆಂಚಿನ ಮೇಲೆ ಐದು ಜನ ಕೂತಿದ್ದರು. ಸೊಂಟದಲ್ಲಿ ಕತ್ತರಿ, ತಲೆಯಲ್ಲಿ ಬಿಸಿಲಿನ ಟೋಪಿ, ಕೆಲಸದ ಬೂಟು. ಕೊಯ್ಲಿನ ದಿನ ತೋಟದಲ್ಲಿರಬೇಕಾದವರು. ಅವರ ನಡುವೆ ಆರನೆಯವನಾಗಿ ಸೆಮಿಸಿ, ಕಾಲನ್ನು ದ್ರಾಕ್ಷಿಯ ಬುಟ್ಟಿಯ ಮೇಲೆ ಚಾಚಿದ್ದ. ಅವರ ಹಿಂದೆಯೇ ಬ್ರೆಟ್ ತನ್ನ ವ್ಯಾನಿನಿಂದ ಇಳಿದು ಓಡಿಬಂದ.

“ಇದೇನು ನಾಟಕ? ವಿಲಿ, ದ್ರಾಕ್ಷಿ ಬಿಸಿಲಲ್ಲಿ ಬೇಯುತ್ತಿದೆ!”

ವಿಲಿಯಾಮಿ ಅವನತ್ತ ತಿರುಗಲೇ ಇಲ್ಲ. ನನ್ನತ್ತ ನೋಡಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದ: “ಡಾಕ್ಟರ್, ನಮ್ಮ ಐದು ಜನರ ಹೆಸರೂ ಬರೆದುಕೊಳ್ಳಿ. ನಮಗೂ ಸುಕ ಇದೆ. ಇವನ ಮಾತ್ರೆ ತಿಂದವರು ನಾವು. ಕಾಲು ಕೆಟ್ಟದ್ದು ಇವನ ತಪ್ಪಿನಿಂದಲ್ಲ.”

ಬ್ರೆಟ್ ಬಾಯಿ ತೆರೆಯುವ ಮೊದಲೇ ಅವನು ಮುಂದುವರಿಸಿದ: “ಈಗ ಆರು ಟಿಕೆಟ್ ಬುಕ್ ಮಾಡು ಬ್ರೆಟ್. ಕಿಟಕಿ ಪಕ್ಕದ ಸೀಟು ನನಗೆ. ದ್ರಾಕ್ಷಿಯನ್ನು ನೀನೇ ಕೊಯ್ದುಕೋ, ಸಿಹಿಯಾಗಿದೆ.”

ಫಿಲೋಮಿನಾ ಬಾಯಿಗೆ ಕೈ ಅಡ್ಡ ಹಿಡಿದು ಒಳಗೆ ಓಡಿದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ.

ಇಲ್ಲಿ ಒಂದು ವಿಷಯ ಹೇಳಲೇಬೇಕು. ಕೈಯಿಂದಲೇ ಕೊಯ್ಯಬೇಕಾದ ಆ ತೋಟಕ್ಕೆ ಇದ್ದದ್ದು ಈ ಆರೇ ಜನ. ಹಣ್ಣು ಮಾಗಿದ ಮೇಲೆ ಕೆಲವೇ ದಿನಗಳ ಅವಕಾಶ. ಹಿಂದಿನ ದಿನ ಒಬ್ಬ ಮನುಷ್ಯನನ್ನು ತುರ್ತಾಗಿ ಸಾಗಹಾಕಬೇಕೆಂದಿದ್ದ ಕಂಪನಿ, ಅಂದು ಮಧ್ಯಾಹ್ನದೊಳಗೆ ತಾನೇ ಬ್ರಿಸ್ಬೇನಿಗೆ ಫೋನ್ ಮಾಡಿ ಅವನ ಚಿಕಿತ್ಸೆಗೆ ಒಪ್ಪಿಗೆ ಕೊಡಿ ಎಂದು ವಿಮಾ ಕಂಪನಿಯನ್ನು ಒತ್ತಾಯಿಸಿತು. ನನ್ನ ವಾದಕ್ಕೆ, ಸರ್ಜನ್‌ನ ಮಾತಿಗೆ, ಕಪ್ಪಗಾದ ಬೆರಳುಗಳಿಗೆ ಇಲ್ಲದ ತೂಕ ದ್ರಾಕ್ಷಿಗಿತ್ತು. ಅದನ್ನು ನಾನು ಗೆಲುವೆಂದು ಎಲ್ಲೂ ಹೇಳಿಕೊಂಡಿಲ್ಲ. ಮನುಷ್ಯನ ಪಾದಕ್ಕೆ ಬೆಲೆ ಬರಲು ಕೊಯ್ಲು ನಿಲ್ಲಬೇಕಾಯಿತಲ್ಲ ಎಂಬುದೇ ಈ ಪ್ರಕರಣದ ಅತಿ ದೊಡ್ಡ ಅನ್ಯಾಯ.

ಗುಟ್ಟು ಬಯಲಾದ ಮೇಲೆ ಸೆಮಿಸಿಗೆ ಬೇಡವೆನ್ನಲು ಕಾರಣ ಉಳಿಯಲಿಲ್ಲ. ಆಂಬುಲೆನ್ಸ್ ಹತ್ತಿದ. ಹತ್ತುವಾಗ ಮಾವನನ್ನು ಬೈಯುತ್ತಲೇ ಇದ್ದ. ವಿಲಿಯಾಮಿ “ಬಾಯಿ ಮುಚ್ಚು, ಕಾಲು ಎತ್ತು” ಎಂದು ಒಳಗೆ ಕೂರಿಸಿದ.

ಬೆಳಿಗ್ಗೆಯೇ ಐವರ ರಕ್ತ ತೆಗೆದೆವು. ಐವರಲ್ಲೂ ಸಕ್ಕರೆ ಇತ್ತು. ಒಬ್ಬನಲ್ಲಿ ಮೂತ್ರಪಿಂಡ ಸೋಲಲು ತೊಡಗಿತ್ತು. ಸಂಜೆ ನಾಗೇಶ್ ಮತ್ತೆ ಕರೆ ಮಾಡಿದರು.

“ಮಾತ್ರೆ ಎಲ್ಲಿ ಹೋಯ್ತು ಅಂತ ಗೊತ್ತಾಯ್ತು ಮೇಡಂ,” ಎಂದರು. “ಅಪ್ರೂವ್ ಮಾಡಿದೀನಿ. ನೀವು ನಿನ್ನೆನೇ ಹೇಳಿದ್ರೆ ಒಂದು ದಿನ ಉಳೀತಿತ್ತು.”

“ನಿನ್ನೆ ನೀವು ಕೇಳಿದ್ದು ದುಡ್ಡು ಕೊಡದೆ ಇರೋಕೆ. ಅದಕ್ಕೇ ಹೇಳ್ಲಿಲ್ಲ.”

ಅವರು ಒಪ್ಪಿಗೆಯ ನಂಬರ್ ಬರೆಸಿ ಫೋನ್ ಇಟ್ಟರು.

ರಕ್ತನಾಳ ತೆರೆಯಿತು. ಕಪ್ಪಗಾಗಿದ್ದ ಎರಡು ಬೆರಳುಗಳನ್ನು ತೆಗೆದರು, ಪಾದ ಉಳಿಯಿತು. ಏಪ್ರಿಲ್‌ನಲ್ಲಿ ಅವನು ಕ್ಲಿನಿಕ್ಕಿನ ಉದ್ದಕ್ಕೂ ಊರುಗೋಲಿಲ್ಲದೆ ನಡೆದು ತೋರಿಸಿದ. “ಎಂಟು ಬೆರಳಿನಲ್ಲಿ ಎಷ್ಟು ಚೆಂದ ನಡಿತಾನೆ ನೋಡಿ. ನಮ್ಮವ್ರು ಹತ್ತು ಬೆರಳಿದ್ದೂ ಕಾರ್ ಬಿಟ್ಟು ಇಳಿಯೋದಿಲ್ಲ,” ಎಂದು ಫಿಲೋಮಿನಾ ನನ್ನನ್ನೇ ನೋಡುತ್ತ ಹೇಳಿದಳು.

ಆದರೆ ಮುಂದಿನ ಋತುವಿಗೆ ಕಂಪನಿ ಆ ಆರು ಜನರಲ್ಲಿ ಯಾರನ್ನೂ ಕರೆಸಿಕೊಳ್ಳಲಿಲ್ಲ. ಕಾರಣ ಕೊಡಲಿಲ್ಲ, ಕೊಡಬೇಕೆಂಬ ನಿಯಮವೂ ಇಲ್ಲ. ನಾನು ಸಂಬಂಧಪಟ್ಟ ಪ್ರತಿಯೊಂದು ಕಚೇರಿಗೂ ಬರೆದೆ. ಕೂಲಿ ವೀಸಾದವರಿಗೆ ಸರ್ಕಾರಿ ಆರೋಗ್ಯ ವಿಮೆ ಕೊಡಿ, ದೀರ್ಘಕಾಲದ ಕಾಯಿಲೆ ಇದೆಯೆಂದು ಕೆಲಸ ಕಿತ್ತುಕೊಳ್ಳುವುದನ್ನು ನಿಷೇಧಿಸಿ ಎಂದು ಕೇಳಿದೆ. ತಮ್ಮ ಕಾಳಜಿಯನ್ನು ಗಮನಿಸಲಾಗಿದೆ ಎಂಬ ಉತ್ತರಗಳು ಬಂದವು. ಮತ್ತೆ ಬರೆದೆ. ಈಗಲೂ ಬರೆಯುತ್ತಿದ್ದೇನೆ. ನಮ್ಮ ಕನ್ನಡದ ಸಮಾರಂಭಗಳಲ್ಲಿ “ಮೇಡಂ, ಇಲ್ಲೂ ಶುರು ಮಾಡ್ಬೇಡಿ” ಎಂದು ತಟ್ಟೆ ಹಿಡಿದು ಪಕ್ಕಕ್ಕೆ ಸರಿಯುವವರಿದ್ದಾರೆ. ಸರಿಯಲಿ. ದ್ರಾಕ್ಷಿಯನ್ನೂ ವೈನನ್ನೂ ನಾವೆಲ್ಲ ಸವಿಯುವಾಗ ಯಾರೂ ಪಕ್ಕಕ್ಕೆ ಸರಿದದ್ದನ್ನು ನಾನು ಕಂಡಿಲ್ಲ.

ವೃತ್ತಿ ನನಗೆ ಕಲಿಸಿದ್ದು ಇಷ್ಟು. ಔಷಧ ಕೆಲಸ ಮಾಡದಿದ್ದಾಗ ಪ್ರಮಾಣ ಏರಿಸುವ ಮೊದಲು, ರೋಗಿಯನ್ನು ದೂರುವ ಮೊದಲು, ಅದು ಎಷ್ಟು ಜನರ ಪಾಲಾಗುತ್ತಿದೆಯೆಂದು ಕೇಳಬೇಕು. ಹಾಗೆ ಹಂಚುವಂತೆ ಮಾಡಿದವರು ಯಾರೆಂದು ಹೆಸರು ಹಿಡಿದು ಹೇಳಬೇಕು. ಹೇಳಿದ್ದಕ್ಕೆ ಬರುವ ತೊಂದರೆಯನ್ನು ವೃತ್ತಿಯ ಖರ್ಚೆಂದು ಲೆಕ್ಕಕ್ಕೆ ಹಿಡಿಯಬೇಕು.

ಈಚೆಗೆ ಇನ್ನೊಂದು ದ್ವೀಪದ ತರುಣನೊಬ್ಬ ಬಂದಿದ್ದ, ರಕ್ತದೊತ್ತಡದ ಮಾತ್ರೆ ಬರೆಸಿಕೊಳ್ಳಲು. “ಈ ಮಾತ್ರೆ ಎಷ್ಟು ಜನಕ್ಕೆ?” ಎಂದೆ. ಅವನು ಮುಚ್ಚಿದ ಬಾಗಿಲನ್ನೊಮ್ಮೆ ನೋಡಿದ. ಅದರಾಚೆ ಅವನ ಮೇಲ್ವಿಚಾರಕ ಕಾಯುತ್ತಿದ್ದ. ಆಮೇಲೆ ತೊಡೆಯ ಮೇಲೆ, ಮೇಜಿನ ಮರೆಯಲ್ಲಿ, ನಾಲ್ಕು ಬೆರಳು ತೋರಿಸಿದ.

“ಉಳಿದ ಮೂವರು ಎಲ್ಲಿ?”

“ಹೊರಗೆ, ಕಾರಿನಲ್ಲಿ.”

ಫಿಲೋಮಿನಾಳನ್ನು ಕರೆದು ಒಳಗೆ ಇನ್ನೂ ಮೂರು ಕುರ್ಚಿ ಹಾಕಿಸಿದೆ.